ಅಸ್ಥಿಮಜ್ಜೆ ಸೊರಗಿದಾಗ

ಹೈದರಾಬಾದ್ ಮಹಾನಗರದ ಈಶಾನ್ಯ ಅಂಚಿನಲ್ಲಿರುವ ಕುಷಾಯಿಗೂಡ ದುಡಿಯುವ ಜನರ ನೆಲೆ. ಹತ್ತಿರದಲ್ಲಿಯೇ 1967ರಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಇದೆ. ಆಸುಪಾಸಿನಲ್ಲಿ ಚೆರ್ಲಪಲ್ಲಿ, ಮಲ್ಲಾಪುರ, ನಾಚಾರಂ ಮೊದಲಾದ ಕೈಗಾರಿಕಾ ಪ್ರದೇಶಗಳಿವೆ. ದೊಡ್ಡ ಉದ್ಯಮಗಳನ್ನು ನೆಚ್ಚಿಕೊಂಡು ನೂರಾರು ಸಣ್ಣ ಘಟಕಗಳು, ಲೇತ್ ಯಂತ್ರದ ಅಂಗಡಿಗಳು, ಬಣ್ಣ ಬಳಿಯುವ ಶೆಡ್ಡುಗಳು ಇಲ್ಲಿ ನಡೆಯುತ್ತವೆ. ಹೈದರಾಬಾದಿಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಈ ನಗರವೇ ರಾಜಧಾನಿಯಾಗಿತ್ತು. ರಾಜ್ಯಗಳ ಎಲ್ಲೆ ಬದಲಾದ ಮೇಲೆಯೂ ದುಡಿಮೆಗಾಗಿ, ವಿದ್ಯೆಗಾಗಿ, ಚಿಕಿತ್ಸೆಗಾಗಿ ಆ ಜಿಲ್ಲೆಗಳ ಜನರು ಇತ್ತ ಬರುವುದು ನಿಂತಿಲ್ಲ.

ಇಂತಹ ಊರಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯ ಮಗನಿಗೆ ಇಪ್ಪತ್ತೆರಡು ವರ್ಷ. ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ತಿಂಗಳಿಂದ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರುತ್ತದೆ. ಮೊಣಕಾಲ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಎದ್ದಿವೆ. ಎಲ್ಲಿಯೂ ಬಡಿದ ನೆನಪಿಲ್ಲದಿದ್ದರೂ ತೋಳಿನ ಮೇಲೆ ನೀಲಿಗಟ್ಟಿದೆ. ಬಿಸಿಲಿನ ಝಳವೆಂದು ತಾಯಿ ಮಜ್ಜಿಗೆ ಕುಡಿಸುತ್ತಾಳೆ. ರಕ್ತ ಕಡಿಮೆಯಾಗಿದೆಯೆಂದು ಔಷಧಿ ಅಂಗಡಿಯವನು ಕಬ್ಬಿಣಾಂಶದ ಟಾನಿಕ್ ಕೊಡುತ್ತಾನೆ. ಮೂರು ವಾರ ಹೀಗೆಯೇ ಕಳೆದ ಮೇಲೆ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಕುಸಿದಿರುವುದು ಕಂಡುಬರುತ್ತದೆ. ಇದು ಯಾವೊಬ್ಬ ವ್ಯಕ್ತಿಯ ವೃತ್ತಾಂತವೂ ಅಲ್ಲ. ಆದರೆ ಅಪ್ಲಾಸ್ಟಿಕ್ ಅನೀಮಿಯಾ ಎಂಬ ರೋಗವು ಸಾಮಾನ್ಯವಾಗಿ ಮನೆಯ ಬಾಗಿಲು ತಟ್ಟುವುದು ಹೀಗೆಯೇ.

ಈ ರೋಗ ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಇದು ಹೊಸದಾಗಿ ಬರುತ್ತದೆ. ಏಷ್ಯದ ದೇಶಗಳಲ್ಲಿ ಈ ಪ್ರಮಾಣ ಅದರ ಎರಡು ಮೂರು ಪಟ್ಟು ಇದೆ. ಬಾಧೆ ಹೆಚ್ಚಾಗಿ ಹದಿಹರೆಯದವರಿಗೆ, ತರುಣರಿಗೆ, ಮತ್ತೆ ಅರವತ್ತು ದಾಟಿದವರಿಗೆ. ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಒಬ್ಬರಿಂದ ಒಬ್ಬರಿಗೆ ಹರಡದು. ಇದು ರಕ್ತದ ಕ್ಯಾನ್ಸರೂ ಅಲ್ಲ. ಹುಟ್ಟಿನಿಂದಲೇ ಬರುವ ಮಜ್ಜೆಯ ದೌರ್ಬಲ್ಯಗಳು ಬೇರೆ ಇವೆ. ಫ್ಯಾಂಕೋನಿ ಅನೀಮಿಯಾ ಅವುಗಳಲ್ಲಿ ಒಂದು. ಇಲ್ಲಿ ಹೇಳುತ್ತಿರುವುದು ಆರೋಗ್ಯವಾಗಿದ್ದ ವ್ಯಕ್ತಿಗೆ ನಡುವೆ ತಗಲಿಕೊಳ್ಳುವ ರೋಗವನ್ನು ಕುರಿತು. ಹಾಗಾಗಿ ತಾಯಿತಂದೆಯರು ತಮ್ಮ ವಂಶವನ್ನಾಗಲಿ, ಹಣೆಬರಹವನ್ನಾಗಲಿ ಹಳಿದುಕೊಳ್ಳಬೇಕಾದ ಕಾರಣವಿಲ್ಲ.

ರೋಗವನ್ನು ಅರಿಯಬೇಕಾದರೆ ಅಸ್ಥಿಮಜ್ಜೆಯ ಕೆಲಸವನ್ನು ಮೊದಲು ಅರಿಯಬೇಕು. ಮೂಳೆಗಳ ಒಳಗಿನ ಮೆತ್ತನೆಯ ಕೆಂಪು ಪದಾರ್ಥವೇ ಮಜ್ಜೆ. ವಯಸ್ಕರಲ್ಲಿ ಸೊಂಟದ ಮೂಳೆ, ಬೆನ್ನೆಲುಬು, ಎದೆಮೂಳೆ, ಪಕ್ಕೆಲುಬುಗಳಲ್ಲಿ ಇದು ಹೆಚ್ಚಾಗಿ ಇರುತ್ತದೆ. ಇದರಲ್ಲಿರುವ ಆಕರ ಕೋಶಗಳು ರಕ್ತದ ಬೀಜಗಳಿದ್ದಂತೆ. ಅವುಗಳಿಂದಲೇ ಮೂರು ಬಗೆಯ ಕಣಗಳೂ ಹುಟ್ಟುತ್ತವೆ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಪ್ಲೇಟ್‌ಲೆಟ್ ಎಂಟು ಹತ್ತು ದಿನ ಬಾಳುತ್ತದೆ. ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳಲ್ಲಿ ಮುಖ್ಯವಾದ ನ್ಯೂಟ್ರೋಫಿಲ್‌ಗಳ ಬಾಳು ಇನ್ನೂ ಅಲ್ಪ. ಸತ್ತ ಕಣಗಳ ಜಾಗವನ್ನು ತುಂಬಲು ಮಜ್ಜೆ ದಿನವೊಂದಕ್ಕೆ ಸುಮಾರು ಇಪ್ಪತ್ತು ಸಾವಿರ ಕೋಟಿ ಕೆಂಪು ಕಣಗಳನ್ನು ತಯಾರಿಸಬೇಕು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಆಕರ ಕೋಶಗಳು ನಶಿಸಿ, ಅವುಗಳಿದ್ದ ಜಾಗವನ್ನು ಕೊಬ್ಬು ಆಕ್ರಮಿಸುತ್ತದೆ. ಉಳುವ ಹೊಲ ಇದ್ದೂ ಬಿತ್ತುವ ಬೀಜವಿಲ್ಲದ ಸ್ಥಿತಿ ಅದು.

ಇದರ ಪರಿಣಾಮಗಳು ಮೂರು. ಕೆಂಪು ಕಣ ಕಡಿಮೆಯಾದರೆ ಬಿಳಿಚಿಕೊಳ್ಳುವುದು, ಆಯಾಸ, ಎದೆಬಡಿತ. ಪ್ಲೇಟ್‌ಲೆಟ್ ಕಡಿಮೆಯಾದರೆ ಮೂಗು ಒಸಡುಗಳಿಂದ ರಕ್ತಸ್ರಾವ, ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ ವಿಪರೀತ ಸ್ರಾವ, ಕೆಲವೊಮ್ಮೆ ಮಿದುಳಿನೊಳಗೆ ರಕ್ತ ಸೋರುವ ಅಪಾಯ. ಬಿಳಿ ಕಣ ಕಡಿಮೆಯಾದರೆ ಮೇಲಿಂದ ಮೇಲೆ ಜ್ವರ, ಬಾಯಿಹುಣ್ಣು, ಗಂಟಲುನೋವು, ಮಾರಕವಾಗಬಲ್ಲ ಸೋಂಕು.

ಈ ರೋಗವನ್ನು ಮೊದಲು ವರ್ಣಿಸಿದವರು ಜರ್ಮನಿಯ ವೈದ್ಯವಿಜ್ಞಾನಿ ಪಾಲ್ ಎರ್ಲಿಖ್. 1888ರಲ್ಲಿ ಅಲ್ಪಕಾಲದ ಕಾಯಿಲೆಯಿಂದ ಮೃತಳಾದ ಗರ್ಭಿಣಿ ತರುಣಿಯೊಬ್ಬಳ ಮೂಳೆಗಳಲ್ಲಿ ಮಜ್ಜೆ ಬರಿದಾಗಿದ್ದುದನ್ನು ಅವರು ಕಂಡರು. ಕಾರಣ ಮಾತ್ರ ಬಹುಕಾಲ ತಿಳಿಯದೆ ಉಳಿಯಿತು. 1970ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜಾರ್ಜ್ ಮಾತೆ ಅವರು ಮಜ್ಜೆಯ ಕಸಿಗೆ ಮುನ್ನ ರೋಗಿಗಳ ನಿರೋಧಕ ಕೋಶಗಳನ್ನು ಅಡಗಿಸುವ ಸೀರಂ ಕೊಟ್ಟರು. ಕೆಲವರಲ್ಲಿ ಕಸಿ ಹತ್ತಲಿಲ್ಲ. ಆದರೂ ರೋಗಿಯ ಸ್ವಂತ ಮಜ್ಜೆಯೇ ಚೇತರಿಸಿಕೊಂಡಿತು. ದೇಹವನ್ನು ಕಾಯಬೇಕಾದ ನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ತನ್ನ ಮಜ್ಜೆಯ ಮೇಲೆ ಎರಗುತ್ತದೆ ಎಂಬ ತಿಳಿವಳಿಕೆ ಬೆಳೆದದ್ದು ಇಂತಹ ಅನುಭವಗಳಿಂದ. ಇಂದಿನ ಚಿಕಿತ್ಸೆಯ ಒಂದು ಮುಖ್ಯ ದಾರಿಗೆ ಇದೇ ಬುನಾದಿ.

ನಿರೋಧಕ ವ್ಯವಸ್ಥೆ ಹೀಗೇಕೆ ಕೆರಳುತ್ತದೆ ಎಂಬುದು ಬಹುಪಾಲು ರೋಗಿಗಳಲ್ಲಿ ಗೊತ್ತಾಗುವುದೇ ಇಲ್ಲ. ಕೆಲವರಲ್ಲಿ ಯಕೃತ್ತಿನ ಉರಿಯೂತವಾಗಿ ಕಾಮಾಲೆ ಬಂದು ಹೋದ ಕೆಲವು ವಾರಗಳ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. ವಿಷಮಶೀತ ಜ್ವರಕ್ಕೆ ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಕ್ಲೋರಾಂಫೆನಿಕಾಲ್ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಈ ಅನಾಹುತ ತಂದೊಡ್ಡಬಲ್ಲುದು. ವೈದ್ಯರ ಚೀಟಿಯಿಲ್ಲದೆ ಮಾತ್ರೆ ಕೊಂಡು ನುಂಗುವುದು ಸಲ್ಲದೆನ್ನಲು ಇದೂ ಒಂದು ಕಾರಣ. ತೀವ್ರ ವಿಕಿರಣವೂ ಮಜ್ಜೆಯನ್ನು ಸುಡುತ್ತದೆ. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡದ್ದು ಅಪ್ಲಾಸ್ಟಿಕ್ ಅನೀಮಿಯಾದಿಂದ.

ಕೈಗಾರಿಕಾ ಪ್ರದೇಶದ ಜನರು ವಿಶೇಷವಾಗಿ ಗಮನಿಸಬೇಕಾದುದು ಬೆಂಜೀನ್ ಎಂಬ ದ್ರವವನ್ನು. ಇದರ ಆವಿ ಮಜ್ಜೆಗೆ ವಿಷವೆಂಬುದು 1897ರಲ್ಲಿಯೇ ಸ್ವೀಡನ್ನಿನ ಸೈಕಲ್ ಟೈರು ಕಾರ್ಖಾನೆಯ ಮಹಿಳಾ ಕಾರ್ಮಿಕರಲ್ಲಿ ಕಂಡುಬಂದಿತ್ತು. ಪೆಟ್ರೋಲಿನಲ್ಲಿ ಇದರ ಅಂಶವಿರುತ್ತದೆ. ಶುದ್ಧವಲ್ಲದ ತಿನ್ನರ್, ಅಂಟು, ಬಣ್ಣ ಕರಗಿಸುವ ದ್ರವಗಳಲ್ಲಿಯೂ ಇರಬಹುದು. ಗ್ರೀಸು ಹತ್ತಿದ ಕೈಗಳನ್ನು ಪೆಟ್ರೋಲಿನಿಂದ ತೊಳೆಯುವುದು, ಬಾಯಿಂದ ಎಳೆದು ಪೈಪಿನಲ್ಲಿ ಪೆಟ್ರೋಲು ಇಳಿಸುವುದು, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬಣ್ಣ ಸಿಂಪಡಿಸುವುದು ಅನೇಕ ಕಡೆ ದಿನನಿತ್ಯದ ಅಭ್ಯಾಸ. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯುವುದಿಲ್ಲ. ಗಾಳಿ ಹೊರಹಾಕುವ ಪಂಖ, ಸರಿಯಾದ ಮುಖಕವಚ, ಕೈಗವಸು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಇವು ಕಾರ್ಮಿಕನ ಹಕ್ಕು. ಬೆಂಜೀನ್ ವಿಷಬಾಧೆಯನ್ನು 1948ರ ಕಾರ್ಖಾನೆ ಕಾಯಿದೆಯೇ ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಹಾಗೆಂದು ಒಬ್ಬ ರೋಗಿಯನ್ನು ತೋರಿಸಿ, ಇವನ ರೋಗ ಇಂತಹ ಕಾರಣದಿಂದಲೇ ಬಂತೆಂದು ಹೇಳುವುದು ಬಹಳ ಕಷ್ಟ. ಆದರೆ ಕೆಲಸದ ಸ್ಥಳದಲ್ಲಿ ಬಳಸುವ ಪದಾರ್ಥಗಳ ಹೆಸರನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮೂರು ಬಗೆಯ ಕಣಗಳೂ ಕುಸಿದ ಮಾತ್ರಕ್ಕೆ ಅಪ್ಲಾಸ್ಟಿಕ್ ಅನೀಮಿಯಾ ಎಂದು ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಬಹು ಸಾಮಾನ್ಯವಾದ ಕಾರಣ ಬಿ-12 ಜೀವಸತ್ವ ಅಥವಾ ಫೋಲಿಕ್ ಆಮ್ಲದ ಕೊರತೆ. ಅದು ಅಗ್ಗದ ಚುಚ್ಚುಮದ್ದು, ಮಾತ್ರೆಗಳಿಂದ ಕೆಲವೇ ವಾರಗಳಲ್ಲಿ ಗುಣವಾಗುತ್ತದೆ. ಕ್ಷಯ, ಎಚ್.ಐ.ವಿ. ಸೋಂಕು, ರಕ್ತದ ಕ್ಯಾನ್ಸರ್ ಮೊದಲಾದವುಗಳಲ್ಲಿಯೂ ಮೂರೂ ಕಣಗಳು ಇಳಿಯಬಹುದು. ಆದುದರಿಂದ ಊಹೆಯಿಂದ ಚಿಕಿತ್ಸೆ ಆರಂಭಿಸಬಾರದು. ರಕ್ತ ಪರೀಕ್ಷೆಯ ಅನಂತರ ಸೊಂಟದ ಮೂಳೆಯ ಹಿಂಭಾಗದಿಂದ, ಜಾಗವನ್ನು ಮರಗಟ್ಟಿಸಿ, ಮಜ್ಜೆಯ ರಸವನ್ನೂ ಮೂಳೆಯ ಸಣ್ಣ ತುಣುಕನ್ನೂ ತೆಗೆದು ಪರೀಕ್ಷಿಸುತ್ತಾರೆ. ಬೆನ್ನೆಲುಬಿನ ನೀರು ತೆಗೆಯುತ್ತಾರೆಂದು, ಕಾಲು ಸ್ವಾಧೀನ ತಪ್ಪುತ್ತದೆಂದು ಹಲವರು ಅಂಜುತ್ತಾರೆ. ಈ ಪರೀಕ್ಷೆಗೂ ಬೆನ್ನುಹುರಿಗೂ ಸಂಬಂಧವೇ ಇಲ್ಲ. ಸ್ವಲ್ಪ ನೋವು ಒಂದೆರಡು ದಿನ ಇರಬಹುದು, ಅಷ್ಟೇ.

ರೋಗದ ತೀವ್ರತೆಯನ್ನು ಅಳೆಯಲು 1976ರಲ್ಲಿ ರೂಪುಗೊಂಡ ಮಾನದಂಡ ಇಂದಿಗೂ ಬಳಕೆಯಲ್ಲಿದೆ. ಮಜ್ಜೆಯ ಕೋಶಗಳು ಸಹಜ ಪ್ರಮಾಣದ ಕಾಲುಭಾಗಕ್ಕಿಂತ ಕಡಿಮೆಯಾಗಿ, ಅದರೊಡನೆ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ 500ಕ್ಕಿಂತ, ಪ್ಲೇಟ್‌ಲೆಟ್ 20,000ಕ್ಕಿಂತ, ಹೊಸದಾಗಿ ಹುಟ್ಟಿದ ಎಳೆಯ ಕೆಂಪು ಕಣಗಳು 20,000ಕ್ಕಿಂತ ಕಡಿಮೆ ಎಂಬ ಮೂರರಲ್ಲಿ ಎರಡು ಇದ್ದರೆ ರೋಗ ತೀವ್ರವೆಂದು ಲೆಕ್ಕ. ಆರೋಗ್ಯವಂತರಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆಂಬುದನ್ನು ನೆನೆದರೆ ಈ ಅಂಕಿಗಳ ಗಾಂಭೀರ್ಯ ಅರಿವಾಗುತ್ತದೆ. ನ್ಯೂಟ್ರೋಫಿಲ್ 200ಕ್ಕೂ ಕೆಳಗಿಳಿದರೆ ಅತಿ ತೀವ್ರ. ತೀವ್ರ ರೋಗಕ್ಕೆ ಚಿಕಿತ್ಸೆ ದೊರೆಯದಿದ್ದರೆ ಹೆಚ್ಚಿನ ರೋಗಿಗಳು ಒಂದೆರಡು ವರ್ಷಗಳಲ್ಲಿ ಬದುಕುಳಿಯುವುದಿಲ್ಲ. ಆದುದರಿಂದ ತಿಂಗಳುಗಟ್ಟಲೆ ಕಾದು ನೋಡುವ ರೋಗ ಇದಲ್ಲ.

ಇದರ ಒಡನಾಡಿಯಾದ ಇನ್ನೊಂದು ರೋಗವನ್ನೂ ಇಲ್ಲಿ ಹೇಳಬೇಕು. ವೈದ್ಯರು ಅದನ್ನು ಪಿ.ಎನ್.ಎಚ್. ಎಂದು ಚುಟುಕಾಗಿ ಕರೆಯುತ್ತಾರೆ. ಬೆಳಗಿನ ಮೂತ್ರ ಕೋಲಾದಂತೆ ಕಪ್ಪಗೆ ಹೋಗುವುದು ಇದರ ಪ್ರಸಿದ್ಧ ಲಕ್ಷಣ. ಎಲ್ಲ ರೋಗಿಗಳಲ್ಲಿಯೂ ಅದು ಕಾಣಬೇಕೆಂದಿಲ್ಲ. ಆಕರ ಕೋಶವೊಂದರ ಜೀನಿನಲ್ಲಿ ಬಾಳಿನ ನಡುವೆ ಉಂಟಾದ ದೋಷದಿಂದ ಅದರ ಸಂತತಿಯ ರಕ್ತಕಣಗಳು ತಮ್ಮ ರಕ್ಷಾಕವಚವನ್ನು ಕಳೆದುಕೊಳ್ಳುತ್ತವೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳೇ ಅಂತಹ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ಈ ಜೀನನ್ನು ಜಪಾನಿನ ವಿಜ್ಞಾನಿಗಳು 1993ರಲ್ಲಿ ಗುರುತಿಸಿದರು. ಅಪ್ಲಾಸ್ಟಿಕ್ ಅನೀಮಿಯಾದ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇಂತಹ ಕಣಗಳು ಸ್ವಲ್ಪವಾದರೂ ಇರುತ್ತವೆ. ಫ್ಲೋ ಸೈಟೋಮೆಟ್ರಿ ಎಂಬ ರಕ್ತ ಪರೀಕ್ಷೆ ಅವನ್ನು ಪತ್ತೆಹಚ್ಚುತ್ತದೆ. ಇದರ ದೊಡ್ಡ ಅಪಾಯ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಅದರಲ್ಲಿಯೂ ಯಕೃತ್ತಿನ ರಕ್ತನಾಳಗಳಲ್ಲಿ. ಆದುದರಿಂದ ಇಂತಹ ರೋಗಿಗೆ ಹಠಾತ್ತನೆ ತೀವ್ರ ಹೊಟ್ಟೆನೋವು, ಹೊಟ್ಟೆಯುಬ್ಬರ, ಕಾಲಿನ ಬಾವು, ತಡೆಯಲಾರದ ತಲೆನೋವು ಬಂದರೆ ತಡಮಾಡಬಾರದು. ಕಾಂಪ್ಲಿಮೆಂಟನ್ನು ತಡೆಯುವ ಎಕುಲಿಜುಮ್ಯಾಬ್ ಎಂಬ ಔಷಧಿಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2023ರ ಕೊನೆಗೆ ಬಾಯಿಂದ ನುಂಗುವ ಇಪ್ಟಕೊಪಾನ್ ಕೂಡ ಅಲ್ಲಿ ಬಂತು. ರೋಗದ ಗತಿಯನ್ನೇ ಬದಲಿಸಿದ ಔಷಧಿಗಳು ಇವು. ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂತಹುದಲ್ಲ. ಇವನ್ನು ಪಡೆಯುವವರು ಮಿದುಳು ಪೊರೆಯ ಉರಿಯೂತದ ವಿರುದ್ಧ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಬೇಕು.

ಕುಷಾಯಿಗೂಡದ ಆ ತರುಣನ ಮನೆಗೆ ಮತ್ತೆ ಹೋಗೋಣ. ರೋಗ ತೀವ್ರವೆಂದು ನಿರ್ಧಾರವಾಗಿದೆ. ಮನೆಯವರು ಕಲಿಯಬೇಕಾದ ಮೊದಲನೆಯ ಪಾಠ ಜ್ವರವನ್ನು ಕುರಿತದ್ದು. ನ್ಯೂಟ್ರೋಫಿಲ್ ಕಡಿಮೆಯಿರುವ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ತುರ್ತು ಪರಿಸ್ಥಿತಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಒಯ್ದು, ರೋಗದ ಹೆಸರನ್ನು ಹೇಳಿ, ಒಂದು ಗಂಟೆಯೊಳಗೆ ನರದ ಮೂಲಕ ಪ್ರತಿಜೈವಿಕ ಔಷಧಿ ಆರಂಭವಾಗುವಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್, ಇತ್ತೀಚಿನ ರಕ್ತ ಪರೀಕ್ಷೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದ ಒಂದು ಫೈಲು, ಆಪತ್ತಿಗೆಂದು ತೆಗೆದಿರಿಸಿದ ಆಟೋ ಬಾಡಿಗೆ — ಈ ಮೂರು ಸಿದ್ಧವಾಗಿದ್ದರೆ ಎಷ್ಟೋ ಪ್ರಾಣಗಳು ಉಳಿಯುತ್ತವೆ.

ಎರಡನೆಯ ಪಾಠ ರಕ್ತವನ್ನು ಕುರಿತದ್ದು. ಮಗನಿಗೆ ರಕ್ತ ಬೇಕೆಂದಾಗ ತಂದೆ, ಅಣ್ಣ, ತಂಗಿ ತೋಳು ಮುಂದೆ ಮಾಡುವುದು ಸಹಜ. ಆದರೆ ಮುಂದೆ ಮಜ್ಜೆಯ ಕಸಿ ಮಾಡುವ ಸಂಭವವಿದ್ದರೆ ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನು ರೋಗಿಗೆ ಕೊಡಬಾರದು. ಅವರ ಕಣಗಳಿಗೆ ವಿರುದ್ಧವಾಗಿ ರೋಗಿಯ ದೇಹ ಮುಂಚಿತವಾಗಿಯೇ ಸಜ್ಜುಗೊಂಡರೆ, ನಾಳೆ ಅವರದೇ ಮಜ್ಜೆಯನ್ನು ಕಸಿ ಮಾಡಿದಾಗ ಅದು ತಿರಸ್ಕೃತವಾಗಬಹುದು. ಮನೆಯವರು ತಮ್ಮ ರಕ್ತವನ್ನು ಬೇರೆಯವರಿಗಾಗಿ ರಕ್ತನಿಧಿಗೆ ಕೊಡಲಿ. ರೋಗಿಗೆ ಹೊರಗಿನವರ ರಕ್ತ ಬರಲಿ. ಕೆಂಪು ಕಣಗಳನ್ನು ತಂಪಿನಲ್ಲಿ ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್‌ಗಳು ಕೇವಲ ಐದು ದಿನ ಉಳಿಯುತ್ತವೆ. ಹಾಗಾಗಿ ಪ್ಲೇಟ್‌ಲೆಟ್ ದಾನಿಗಳ ಅಗತ್ಯ ನಿರಂತರ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ದಾನಿಗೇ ಹಿಂದಿರುಗಿಸುವ ವಿಧಾನದಲ್ಲಿ ಎರಡು ದಾನಗಳ ನಡುವೆ 48 ಗಂಟೆಗಳ ಅಂತರ ಸಾಕು. 18ರಿಂದ 65 ವಯಸ್ಸಿನ ಆರೋಗ್ಯವಂತರು ರಕ್ತ ಕೊಡಬಹುದು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ದೇಶದಲ್ಲಿ ರಕ್ತದ ಮಾರಾಟ ನಿಷಿದ್ಧವಾಗಿದೆ. ಸ್ವಪ್ರೇರಿತ ದಾನಿಯೇ ಇನ್ನು ಉಳಿದ ಆಸರೆ.

ಪದೇ ಪದೇ ರಕ್ತ ಪಡೆಯುವುದರಿಂದ ಇನ್ನೊಂದು ತೊಡಕಿದೆ. ಒಂದು ಬಾಟಲಿ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹವನ್ನು ಸೇರುತ್ತದೆ. ಅದನ್ನು ಹೊರಹಾಕುವ ಸಹಜ ಮಾರ್ಗ ದೇಹಕ್ಕಿಲ್ಲ. ಅದು ಹೃದಯ, ಯಕೃತ್ತುಗಳಲ್ಲಿ ಶೇಖರವಾಗುತ್ತದೆ. ಅದನ್ನು ತೆಗೆಯಲು ಪ್ರತ್ಯೇಕ ಮಾತ್ರೆಗಳಿವೆ. ರಕ್ತಹೀನತೆಗೆ ಕಬ್ಬಿಣವೇ ಮದ್ದೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಆದುದರಿಂದ ವೈದ್ಯರನ್ನು ಕೇಳದೆ ಟಾನಿಕ್ ಕುಡಿಸುವುದು ಸಲ್ಲದು.

ರಕ್ತ ಕೊಡುವುದು ಆಸರೆಯೇ ಹೊರತು ರೋಗವನ್ನು ನೀಗಿಸುವ ಚಿಕಿತ್ಸೆಯಲ್ಲ. ನೀಗಿಸುವ ಮುಖ್ಯ ಮಾರ್ಗಗಳು ಎರಡು. ಮೊದಲನೆಯದು ಮಜ್ಜೆಯ ಕಸಿ. ಇದನ್ನು ಸಾಧ್ಯವಾಗಿಸಿದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಭಾರತದಲ್ಲಿ ಮೊದಲ ಮಜ್ಜೆಯ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಕಾರ್ಯ ಆರಂಭವಾಯಿತು. ಸುಮಾರು ನಲವತ್ತು ವರ್ಷದೊಳಗಿನ ರೋಗಿಗೆ, ಒಡಹುಟ್ಟಿದವರೊಬ್ಬರ ಅಂಗಾಂಶದ ಗುರುತುಗಳು ಪೂರ್ತಿ ಹೊಂದಿದರೆ, ಕಸಿಯೇ ಮೊದಲ ಆಯ್ಕೆ. ಹೀಗೆ ಹೊಂದುವ ಸಂಭವ ಪ್ರತಿಯೊಬ್ಬ ಒಡಹುಟ್ಟಿನ ವಿಷಯದಲ್ಲಿ ನಾಲ್ಕರಲ್ಲಿ ಒಂದು. ಅನುಭವವುಳ್ಳ ಕೇಂದ್ರಗಳಲ್ಲಿ ಎಳೆಯ ವಯಸ್ಸಿನ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ದೀರ್ಘಕಾಲ ಬದುಕುತ್ತಾರೆ. ಬೇಗ ಕಸಿ ಮಾಡಿದಷ್ಟೂ, ಅದಕ್ಕೆ ಮುನ್ನ ಕೊಟ್ಟ ರಕ್ತ ಕಡಿಮೆಯಿದ್ದಷ್ಟೂ ಫಲ ಹೆಚ್ಚು.

ಆ ತರುಣನ ಹೊಂದಿಕೆಯಾದ ದಾನಿ ಹತ್ತೊಂಬತ್ತು ವರ್ಷದ ತಂಗಿ ಎಂದಿಟ್ಟುಕೊಳ್ಳೋಣ. ಇಲ್ಲಿಯೇ ಅನೇಕ ಕುಟುಂಬಗಳು ತಡವರಿಸುತ್ತವೆ. ಮದುವೆಯಾಗಬೇಕಾದ ಹುಡುಗಿಯ ಮೂಳೆಗೆ ಕೈಹಚ್ಚಿದರೆ ನಾಳೆ ಗತಿಯೇನು ಎಂದು ಬಂಧುಗಳು ಪಿಸುಗುಟ್ಟುತ್ತಾರೆ. "ಅಣ್ಣ ಉಳಿದರ ಸಾಕವ್ವ, ನನಗೇನೂ ಆಗೂದಿಲ್ಲ" ಎಂದು ಹುಡುಗಿ ಹೇಳಿದರೂ ತಾಯಿಯ ಮನಸ್ಸು ಎರಡು ಮಕ್ಕಳ ನಡುವೆ ತೂಗಾಡುತ್ತದೆ. ವೈದ್ಯಶಾಸ್ತ್ರದ ಉತ್ತರ ಇಲ್ಲಿ ಸ್ಪಷ್ಟವಾಗಿದೆ. ದಾನಿಯ ಮೂಳೆಯನ್ನು ಯಾರೂ ಕತ್ತರಿಸುವುದಿಲ್ಲ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆಯ ಒಂದು ಅಂಶವನ್ನಷ್ಟೇ ತೆಗೆಯುತ್ತಾರೆ. ಅದು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೆಲವು ದಿನ ಸೊಂಟದ ನೋವು, ಆಯಾಸ ಇರುತ್ತವೆ. ಗಂಭೀರ ತೊಂದರೆ ತೀರ ವಿರಳ. ಮುಂದೆ ಮದುವೆಗಾಗಲಿ, ಹೆರಿಗೆಗಾಗಲಿ ಇದರಿಂದ ಅಡ್ಡಿಯಿಲ್ಲ. ಆದರೂ ದಾನ ದಾನವೇ ಆಗಿರಬೇಕು. ಹುಡುಗಿಗೆ ಎಲ್ಲವನ್ನೂ ತಿಳಿಸಿ, ಒತ್ತಾಯವಿಲ್ಲದೆ ಅವಳ ಒಪ್ಪಿಗೆಯನ್ನು ಪಡೆಯಬೇಕು. ಒಡಹುಟ್ಟಿದವರಲ್ಲಿ ಹೊಂದಿಕೆ ದೊರೆಯದವರಿಗೆ ಚೆನ್ನೈನ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಫೌಂಡೇಷನ್ ಮೊದಲಾದ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕುವ ಅವಕಾಶವಿದೆ.

ಎರಡನೆಯ ಮಾರ್ಗ ನಿರೋಧಕ ವ್ಯವಸ್ಥೆಯನ್ನು ಅಡಗಿಸುವುದು. ಹೊಂದುವ ದಾನಿ ಇಲ್ಲದವರಿಗೆ, ವಯಸ್ಸಾದವರಿಗೆ ಇದು ದಾರಿ. ಕುದುರೆಯ ರಕ್ತದಿಂದ ತಯಾರಿಸಿದ ಎ.ಟಿ.ಜಿ. ಎಂಬ ಔಷಧಿಯನ್ನು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ನರದ ಮೂಲಕ ಹರಿಸುತ್ತಾರೆ. ಅದರೊಡನೆ ಸೈಕ್ಲೋಸ್ಪೋರಿನ್ ಎಂಬುದನ್ನು ತಿಂಗಳುಗಟ್ಟಲೆ ನುಂಗಬೇಕು. ಮಜ್ಜೆಯನ್ನು ಚುರುಕುಗೊಳಿಸುವ ಎಲ್ಟ್ರಾಂಬೊಪ್ಯಾಗ್ ಮಾತ್ರೆಯನ್ನು ಇವುಗಳಿಗೆ ಸೇರಿಸುವುದರಿಂದ ಫಲ ಉತ್ತಮಗೊಳ್ಳುತ್ತದೆಂದು ಇತ್ತೀಚಿನ ವರ್ಷಗಳಲ್ಲಿ ಸಿದ್ಧವಾಗಿದೆ. ಈ ಚಿಕಿತ್ಸೆಗೆ ಮೂರರಲ್ಲಿ ಸುಮಾರು ಎರಡು ಪಾಲು ರೋಗಿಗಳು ಸ್ಪಂದಿಸುತ್ತಾರೆ. ಆದರೆ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಈ ಕಾಯುವಿಕೆಯೇ ಕುಟುಂಬಕ್ಕೆ ಅತಿ ಕಠಿಣ. ಮೊದಲ ತಿಂಗಳಿನಲ್ಲಿ ಸಂಖ್ಯೆ ಏರಲಿಲ್ಲವೆಂದು ಔಷಧಿ ಬಿಟ್ಟವರು ಬೆಳೆ ಕೈಗೆ ಬರುವ ಮುನ್ನ ಹೊಲ ಬಿಟ್ಟವರಂತೆ. ಗುಣವಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ. ಅದನ್ನು ನಿಧಾನವಾಗಿ ಇಳಿಸಬೇಕು. ಸ್ಪಂದಿಸಿದವರಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ರೋಗ ಮರುಕಳಿಸಬಹುದು. ಕೆಲವರಲ್ಲಿ ವರ್ಷಗಳ ಮೇಲೆ ಮಜ್ಜೆಯ ಬೇರೆ ರೋಗಗಳು ತಲೆದೋರಬಹುದು. ಆದುದರಿಂದ ಸೌಖ್ಯವಾಗಿದ್ದಾಗಲೂ ತಪಾಸಣೆ ತಪ್ಪಬಾರದು.

ಈ ತಿಂಗಳುಗಳಲ್ಲಿ ಮನೆಯ ಬದುಕು ಹೇಗಿರಬೇಕು? ಆಗತಾನೆ ಬೇಯಿಸಿದ ಬಿಸಿ ಅನ್ನ, ಸಾರು, ರೊಟ್ಟಿ, ಪಲ್ಯ ಒಳ್ಳೆಯದು. ರಸ್ತೆ ಬದಿಯ ಚಟ್ನಿ, ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ, ಕಬ್ಬಿನ ಹಾಲು ಬೇಡ. ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಸಿಪ್ಪೆ ಸುಲಿದು ತಿನ್ನುವ ಹಣ್ಣುಗಳನ್ನು ತೊಳೆದು, ಸುಲಿದು ಕೂಡಲೇ ತಿನ್ನಬಹುದು. ಬೇವಿನ ಕಡ್ಡಿ, ಇದ್ದಿಲು, ಉಪ್ಪುಗಳಿಂದ ಹಲ್ಲುಜ್ಜದೆ ಮೃದುವಾದ ಬ್ರಷ್ ಬಳಸಬೇಕು. ಬ್ಲೇಡಿನ ಕ್ಷೌರಕ್ಕಿಂತ ವಿದ್ಯುತ್ ಯಂತ್ರ ಕ್ಷೇಮ. ಮಾಂಸಖಂಡಕ್ಕೆ ಚುಚ್ಚುಮದ್ದು, ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿಯಾಗುತ್ತವೆ. ಮನೆ ಕಟ್ಟುವ ಧೂಳು, ಪಾರಿವಾಳಗಳ ಹಿಕ್ಕೆ ಇರುವ ಜಾಗಗಳಿಂದ ದೂರವಿರಬೇಕು. ಜಾತ್ರೆ, ಮದುವೆಗಳ ನೂಕುನುಗ್ಗಲು ಬೇಡ. ನೋಡಲು ಬರುವ ಬಂಧುಗಳು ಕೈ ತೊಳೆದು ಒಳಬರಲಿ, ನೆಗಡಿಯಿದ್ದವರು ಬಾಗಿಲಿಂದಲೇ ಮಾತನಾಡಿಸಲಿ. ಹೆಣ್ಣುಮಕ್ಕಳು ಮುಟ್ಟಿನ ಸ್ರಾವವನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಅದನ್ನು ತಡೆಯುವ ಮಾತ್ರೆಗಳಿವೆ. ಬಸಿರಿನಲ್ಲಿ ರೋಗ ಮರುಕಳಿಸಬಹುದಾದ್ದರಿಂದ ವೈದ್ಯರ ಸಲಹೆಯೊಡನೆ ಮಾತ್ರ ಮುಂದುವರಿಯಬೇಕು.

ನೆರೆಹೊರೆಯವರು ಹೇಳುವ ಮದ್ದುಗಳೂ ಬಹಳ. ಪಪ್ಪಾಯಿ ಎಲೆಯ ರಸದಿಂದ ಹಿಡಿದು ಭಸ್ಮಗಳವರೆಗೆ ಸಲಹೆಗಳು ಬರುತ್ತವೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಬರಿದಾದ ಮಜ್ಜೆಯನ್ನು ತುಂಬುವ ಎಲೆಯಾಗಲಿ ಬೇರಾಗಲಿ ಇಲ್ಲ. ಸೀಸ, ಪಾದರಸ, ಪಾಷಾಣಗಳು ಬೆರೆತ ಪುಡಿಗಳಿಂದ ಮೂತ್ರಪಿಂಡ, ಯಕೃತ್ತುಗಳು ಕೆಡುತ್ತವೆ. ಎಲ್ಲಕ್ಕಿಂತ ದೊಡ್ಡ ನಷ್ಟ ಕಳೆದುಹೋಗುವ ಕಾಲ.

ಖರ್ಚಿನ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಕಾರ್ಮಿಕ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರು ಮೊದಲು ತಮ್ಮ ಚಿಕಿತ್ಸಾಲಯದ ಮೂಲಕ ದೊಡ್ಡ ಆಸ್ಪತ್ರೆಗೆ ಶಿಫಾರಸು ಪಡೆಯಬೇಕು. ಈ ಯೋಜನೆಯಲ್ಲಿ ಅರ್ಹರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ಕಾಯಿಲೆ ಭತ್ಯವೂ ಉಂಟು. 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆಯಲ್ಲಿ ತೆಲಂಗಾಣ ಸರ್ಕಾರ 2023ರಲ್ಲಿ ಕುಟುಂಬದ ವಾರ್ಷಿಕ ಮಿತಿಯನ್ನು ಹತ್ತು ಲಕ್ಷ ರೂಪಾಯಿಗೆ ಏರಿಸಿತು. ಯಾವ ಚಿಕಿತ್ಸೆ ಅದರಡಿ ದೊರೆಯುತ್ತದೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ರಾಷ್ಟ್ರೀಯ ಆರೋಗ್ಯ ನಿಧಿ ಇದೆ. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಡಿ ಹೈದರಾಬಾದಿನಲ್ಲಿ ನಿಜಾಮರ ವೈದ್ಯವಿಜ್ಞಾನ ಸಂಸ್ಥೆಯನ್ನೊಳಗೊಂಡ ಒಂದು ಕೇಂದ್ರವನ್ನೂ, ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನೊಳಗೊಂಡ ಇನ್ನೊಂದನ್ನೂ ಗುರುತಿಸಲಾಗಿದೆ. ಆ ನೀತಿಯ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ರೋಗಗಳೇ ಹೆಚ್ಚು. ಫ್ಯಾಂಕೋನಿ ಅನೀಮಿಯಾ ಅದರಲ್ಲಿ ಸೇರಿದೆ. ಆದುದರಿಂದ ರೋಗ ಯಾವ ಬಗೆಯದೆಂದು ವೈದ್ಯರಿಂದ ಬರೆಯಿಸಿಕೊಂಡೇ ಅರ್ಜಿ ಸಲ್ಲಿಸಬೇಕು.

ಹಣಕ್ಕಿಂತ ಬೇಗ ಸವೆಯುವುದು ಮನಸ್ಸು. ಗೆಳೆಯರು ಕೆಲಸಕ್ಕೆ ಹೋಗುವಾಗ ಕಿಟಕಿಯ ಬಳಿ ಕುಳಿತು ನೋಡುವ ತರುಣನಿಗೆ ಪ್ರತಿ ವಾರದ ರಕ್ತ ಪರೀಕ್ಷೆಯ ಅಂಕಿಯೇ ತನ್ನ ಬೆಲೆಯೆಂದು ತೋರತೊಡಗುತ್ತದೆ. ಅವನಿಂದ ರೋಗದ ಹೆಸರನ್ನು ಮುಚ್ಚಿಡುವುದು ದಯೆಯಲ್ಲ. ತಿಳಿದುಕೊಂಡ ರೋಗಿ ತನ್ನ ಜ್ವರವನ್ನು ತಾನೇ ಅಳೆದುಕೊಳ್ಳುತ್ತಾನೆ, ಮಾತ್ರೆಯನ್ನು ತಾನೇ ನೆನಪಿಡುತ್ತಾನೆ. ಸಂಖ್ಯೆಗಳು ಅನುಮತಿಸಿದಂತೆ ಕುಳಿತು ಮಾಡುವ ಕೆಲಸ, ಅರ್ಧಕ್ಕೆ ನಿಂತ ಓದು, ಮನೆಯ ಲೆಕ್ಕಪತ್ರ ಅವನ ಕೈಗೆ ಮರಳಬೇಕು. ಗುಣ ಹೊಂದಿದವರು ಉದ್ಯೋಗ ಮಾಡುತ್ತಾರೆ, ಸಂಸಾರ ಹೂಡುತ್ತಾರೆ. ಮಾಲೀಕರು ಅವರನ್ನು ಕೆಲಸಕ್ಕೆ ಮರಳಿ ಸೇರಿಸಿಕೊಂಡು, ರಾಸಾಯನಿಕಗಳಿಲ್ಲದ ಜಾಗ ಕೊಟ್ಟರೆ ಅದು ಔಷಧಿಯಷ್ಟೇ ಮುಖ್ಯವಾದ ಉಪಕಾರ.

ಕುಷಾಯಿಗೂಡದ ಆ ಮನೆಯಲ್ಲಿ ತಂಗಿಯ ಮಜ್ಜೆ ಅಣ್ಣನ ನರದೊಳಗೆ ಇಳಿಯುವುದು ಒಂದು ಸಾಮಾನ್ಯ ರಕ್ತದ ಚೀಲದಿಂದ, ಕೆಲವೇ ಗಂಟೆಗಳಲ್ಲಿ. ಅದು ಬೇರೂರಿ ಹೊಸ ಕಣಗಳು ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಆ ವಾರಗಳಲ್ಲಿ ಅವನನ್ನು ಉಳಿಸುವುದು ಅವನ ಹೆಸರನ್ನೂ ಕೇಳಿರದ ಹತ್ತಾರು ಜನರ ರಕ್ತ. ಅವರಲ್ಲಿ ಕನ್ನಡಿಗರಿರಬಹುದು, ತೆಲುಗರಿರಬಹುದು, ಉರ್ದು ಮಾತನಾಡುವವರಿರಬಹುದು. ಪ್ರತಿವರ್ಷ ಅಕ್ಟೋಬರ್ 1ರಂದು ರಾಷ್ಟ್ರೀಯ ಸ್ವಪ್ರೇರಿತ ರಕ್ತದಾನ ದಿನವನ್ನು ಆಚರಿಸಲಾಗುತ್ತದೆ. ಆದರೆ ಪ್ಲೇಟ್‌ಲೆಟ್‌ಗೆ ಐದೇ ದಿನದ ಆಯುಷ್ಯ. ಅಕ್ಟೋಬರ್ ಒಂದರ ದಾನ ಆರರಂದು ಅಣ್ಣನನ್ನು ಕಾಪಾಡಲಾರದು. ಆರೋಗ್ಯವಂತರು ವರ್ಷದುದ್ದಕ್ಕೂ ರಕ್ತನಿಧಿಯ ಬಾಗಿಲಿಗೆ ಹೋಗುತ್ತಿದ್ದರೆ ಮಾತ್ರ, ಮಜ್ಜೆ ಸೊರಗಿದವರು ತಮ್ಮ ಮಜ್ಜೆ ಮತ್ತೆ ಚಿಗುರುವ ದಿನದವರೆಗೆ ಬದುಕಿರಬಲ್ಲರು.